ಬೆನ್ನಡಿಯಾಗಿ ಮಲಗಿದ ಟಾರಂಟುಲಾ: ಕೈ ಹಾಕುವ ಮುನ್ನ

ಟಾರಂಟುಲಾ ಎಂಬ ದೊಡ್ಡ ಕೂದಲುಜೇಡ ಸಾಕುವವರಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: “ಮೇಡಂ, ಅಂಗಾತ ಬಿದ್ದೈತೆ, ಸತ್ತೋಯ್ತು ಅನ್ಸುತ್ತೆ.” ನಾನು ಮೊದಲು ಹೇಳುವುದು ಇಷ್ಟೆ: ಕೈ ಹಾಕಬೇಡಿ, ಡಬ್ಬಿ ಮುಚ್ಚಿ, ಲೈಟ್ ಆರಿಸಿ. ಅಂಗಾತ ಮಲಗಿದ ಟಾರಂಟುಲಾ ಬಹುಪಾಲು ಸಲ ಪೊರೆ ಬಿಡುತ್ತಿರುತ್ತದೆ. ಸಾಯುತ್ತಿರುವ ಜೇಡ ಅಂಗಾತ ಆಗುವುದು ಅಪರೂಪ. ಅದು ಬೋರಲಾಗಿ ಕೂತಲ್ಲೇ ಕುಸಿದು, ಎಂಟೂ ಕಾಲುಗಳನ್ನು ಮೈಯ ಕೆಳಗೆ ಮುದುಡಿಕೊಳ್ಳುತ್ತದೆ. ಈ ಎರಡು ಭಂಗಿಗಳ ವ್ಯತ್ಯಾಸ ಗೊತ್ತಿಲ್ಲದೆ, ಚೆನ್ನಾಗಿಯೇ ಇರುವ ಪ್ರಾಣಿಯನ್ನು ಕಡ್ಡಿಯಿಂದ ತಿರುಗಿಸಿ ಕೊಂದವರಿದ್ದಾರೆ.

ಚಿಕ್ಕಬಳ್ಳಾಪುರದಲ್ಲಿ ಪಶುವೈದ್ಯೆ ಎಂದರೆ ಸೀಮೆಹಸು, ಕುರಿ, ಮೇಕೆ, ನಾಯಿ. ನಮ್ಮ ಓದೂ ಅವುಗಳ ಮೇಲೆಯೇ. ಆದರೆ ಬೆಂಗಳೂರಿಗೆ ದಿನಾ ಓಡಾಡುವ ಹುಡುಗರು, ಕಾಲೇಜು ಮಕ್ಕಳು ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೇಡ ಇಟ್ಟುಕೊಂಡು ಬರುತ್ತಾರೆ. ಇದಕ್ಕೆಂದೇ ತಯಾರಾದ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ನಾಯಿಗೆ ಕೊಡುವ ಆಂಟಿಬಯೋಟಿಕ್ ಅನ್ನು ಭಾಗಿಸಿ ಇದಕ್ಕೆ ಹಾಕುವಂತೆಯೂ ಇಲ್ಲ. ಹಾಗಾಗಿ ಚಿಕಿತ್ಸೆಯ ಬಹುಪಾಲು ನೀರು, ಗಾಳಿ, ಕತ್ತಲೆ, ಮತ್ತು ಸುಮ್ಮನೆ ಬಿಡುವ ತಾಳ್ಮೆ. ಕೆಲವೇ ಸಂದರ್ಭಗಳಲ್ಲಿ ನಿಮಿಷಗಳೊಳಗೆ ಕೈ ಹಾಕಬೇಕಾಗುತ್ತದೆ. ಯಾವುದು ಯಾವಾಗ ಎಂಬುದನ್ನು ಸಾಕುವವರೇ ತಿಳಿದಿರಬೇಕು. ಜೇಡವನ್ನು ನನ್ನ ಹತ್ತಿರ ತರುವ ಹೊತ್ತಿಗೆ ಆ ನಿಮಿಷಗಳು ಕಳೆದಿರುತ್ತವೆ.

ಪೊರೆಯ ವಿಷಯ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗ ತನ್ನ ಜೇಡ ವಾರಗಟ್ಟಲೆ ಊಟ ಬಿಟ್ಟಿದೆಯೆಂದು ಅಪ್ಪನ ಜೊತೆ ಬಂದಿದ್ದ. ಹೊಟ್ಟೆ ದುಂಡಗೆ, ಮೇಲಿನ ಬೋಳು ಜಾಗ ಕಪ್ಪಗೆ ಮಿರುಗುತ್ತಿತ್ತು. ನಾನು ವಿವರಿಸುವ ಮೊದಲೇ ಆ ರೇಷ್ಮೆ ಸಾಕುವ ತಂದೆ ಹೇಳಿದರು: “ಜ್ವರಕ್ಕೆ ಕೂತೈತೆ ಕಣೋ. ಹುಳ ಜ್ವರಕ್ಕೆ ಕೂತ್ರೆ ಸೊಪ್ಪು ಹಾಕ್ತೀವಾ? ಸುಮ್ನೆ ಬಿಡು.” ರೇಷ್ಮೆಯವರ ಮಾತಿನಲ್ಲಿ ಜ್ವರ ಎಂದರೆ ಪೊರೆ ಬಿಡುವ ಹೊತ್ತು. ರೇಷ್ಮೆ ಹುಳು ನಾಲ್ಕು ಜ್ವರ ದಾಟಿ ಗೂಡು ಕಟ್ಟುವಂತೆ ಟಾರಂಟುಲಾ ಕೂಡ ಹಳೆಯ ಮೈಚರ್ಮ ಕಳಚಿಯೇ ಬೆಳೆಯಬೇಕು. ಮರಿ ಜೇಡ ವರ್ಷದಲ್ಲಿ ಹಲವು ಸಲ ಪೊರೆ ಬಿಟ್ಟರೆ, ಬೆಳೆದ ಹೆಣ್ಣು ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ತಡವಾಗಿ ಬಿಡುತ್ತದೆ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಉಪವಾಸ ಇದ್ದರೂ ಹೊಟ್ಟೆ ತುಂಬಿಕೊಂಡಿದ್ದರೆ ಗಾಬರಿ ಬೇಡ.

ಈ ಹೊತ್ತಿನಲ್ಲಿ ನಿಮ್ಮ ಕೆಲಸ ಎರಡೇ. ಡಬ್ಬಿಯಲ್ಲಿ ಜೀವಂತ ಜಿರಳೆಯೋ ಕ್ರಿಕೆಟ್ ಹುಳುವೋ ಇದ್ದರೆ ತೆಗೆಯಿರಿ, ಏಕೆಂದರೆ ಮೆತ್ತಗಿರುವ ಹೊಸ ಮೈಯನ್ನು ಅವು ಕಡಿದು ತಿನ್ನುತ್ತವೆ. ನೀರಿನ ಬಟ್ಟಲು ತುಂಬಿರಲಿ. ಪೊರೆ ಕಳಚಿದ ಮೇಲೂ ಒಂದೆರಡು ವಾರ ಊಟ ಹಾಕಬೇಡಿ. ಕೋರೆಹಲ್ಲುಗಳು ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ, ಕೊನೆಗೆ ಕಪ್ಪಗಾಗುತ್ತವೆ. ಕಪ್ಪಾಗುವ ತನಕ ಅವು ಗಟ್ಟಿಯಾಗಿರುವುದಿಲ್ಲ.

ಪೊರೆ ಅರ್ಧಕ್ಕೆ ಸಿಕ್ಕಿಕೊಂಡರೆ ವಿಷಯ ಬೇರೆ. ಮರಿಗೆ ಒಂದೆರಡು ಗಂಟೆ ಸಾಕಾಗುತ್ತದೆ, ದೊಡ್ಡ ಜೇಡಕ್ಕೆ ಇಡೀ ರಾತ್ರಿ ಹಿಡಿಯಬಹುದು. ಕಾಲುಗಳು ಅರ್ಧ ಹೊರಬಂದು ಗಂಟೆಗಟ್ಟಲೆ ಒಂದಿಷ್ಟೂ ಅಲುಗಾಟವಿಲ್ಲದಿದ್ದರೆ, ಹೊಸ ಚರ್ಮ ಹಳೆಯದರೊಳಗೇ ಗಟ್ಟಿಯಾಗುವ ಅಪಾಯವಿದೆ. ಆಗ ಮೆತ್ತನೆಯ ಬ್ರಷ್‌ನಿಂದ ಗ್ಲಿಸರಿನ್ ಬೆರೆಸಿದ ಉಗುರುಬೆಚ್ಚಗಿನ ನೀರನ್ನು ಹಳೆಯ ಪೊರೆಗೆ ಮಾತ್ರ ಸವರಿ ನೆನೆಸಬೇಕು, ಕಾಯಬೇಕು, ಮತ್ತೆ ಸವರಬೇಕು. ಹೊಟ್ಟೆಯ ಅಡಿಭಾಗದಲ್ಲಿ ಎರಡು ಜೊತೆ ಬಿಳಿಚಾದ ತೇಪೆಗಳು ಕಾಣುತ್ತವೆ. ಜೇಡ ಉಸಿರಾಡುವುದು ಅಲ್ಲಿಂದ. ಅಲ್ಲಿ ಒಂದು ಹನಿಯೂ ನಿಲ್ಲಬಾರದು. ಇಕ್ಕಳದಿಂದ ಎಳೆಯುವುದಂತೂ ಬೇಡವೇ ಬೇಡ. ಒಂದೇ ಒಂದು ಕಾಲು ಸಿಕ್ಕಿಕೊಂಡು ಉಳಿದೆಲ್ಲ ಬಿಡುಗಡೆಯಾಗಿದ್ದರೆ, ಅದನ್ನು ಹಾಗೇ ಬಿಡುವುದು ನನ್ನ ಸಲಹೆ. ಬೇಡವಾದ ಕಾಲನ್ನು ಜೇಡ ಬುಡದಿಂದ ತಾನೇ ಕಳಚಿ ಹಾಕುತ್ತದೆ. ಮುಂದಿನ ಪೊರೆಯಲ್ಲಿ ಅಲ್ಲಿ ಸಣ್ಣ ಕಾಲು ಚಿಗುರುತ್ತದೆ, ಒಂದೆರಡು ಪೊರೆಯಲ್ಲಿ ಉಳಿದವುಗಳ ಅಳತೆಗೆ ಬರುತ್ತದೆ.

ಕೋರೆಹಲ್ಲು ಮುರಿದರೂ ಹೀಗೆಯೇ. ಒಂದು ಉಳಿದಿದ್ದರೆ ಬೇಟೆ ನಡೆಯುತ್ತದೆ. ಎರಡೂ ಹೋಗಿದ್ದರೆ ಜಿರಳೆಯನ್ನು ಕೊಂದು ಜಜ್ಜಿ, ಅದರ ರಸ ಬಾಯಿಗೆ ತಾಗುವಂತೆ ಇಟ್ಟು ಮುಂದಿನ ಪೊರೆಯ ತನಕ ದಾಟಿಸಬೇಕು. ಶ್ರಮದ ಕೆಲಸ, ಆದರೆ ಆಗುತ್ತದೆ.

ಇನ್ನು ಕಾಲು ಮುದುಡುವುದು. ಜೇಡಕ್ಕೆ ಕಾಲು ಮಡಚಲು ಸ್ನಾಯುಗಳಿವೆ. ಆದರೆ ಕಾಲಿನ ಮುಖ್ಯ ಕೀಲುಗಳಲ್ಲಿ ಚಾಚುವ ಸ್ನಾಯು ಇಲ್ಲ. ಮೈಯೊಳಗಿನ ರಕ್ತದ್ರವವನ್ನು ಒತ್ತಡದಿಂದ ಕಾಲಿನೊಳಗೆ ನೂಕಿಯೇ ಅದು ಕಾಲು ಚಾಚಬೇಕು. ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಹೊಟ್ಟೆ ಸುಕ್ಕುಗಟ್ಟಿ ಕಾಲು ಮುದುಡಿದ್ದರೆ ಮೊದಲ ಅನುಮಾನ ನೀರಿನ ಕೊರತೆ. ಮಾರ್ಚ್‌ನಿಂದ ಮೇವರೆಗೆ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಒಣ ಬಿಸಿಲಿನಲ್ಲಿ ಚಿಕ್ಕ ಬಟ್ಟಲಿನ ನೀರು ಆರಿಹೋಗುವುದು ಯಾರಿಗೂ ಗೊತ್ತಾಗುವುದಿಲ್ಲ. ಮರುಭೂಮಿಯ ಜೇಡಕ್ಕೆ ನೀರು ಬೇಡ ಎಂದು ಮಾರಿದವರು ಹೇಳಿ ಕಳಿಸಿರುತ್ತಾರೆ. ಇದು ಸುಳ್ಳು. ಬಟ್ಟಲು ಎಲ್ಲ ಜಾತಿಗೂ ಬೇಕು.

ಹಿಂದೆಲ್ಲ ಇಂಥ ಜೇಡವನ್ನು ಒದ್ದೆ ಟಿಶ್ಯೂ ಹಾಸಿದ ಮುಚ್ಚಿದ ಡಬ್ಬಿಯಲ್ಲಿ ಬಿಸಿಗೆ ಇಟ್ಟು ಅದನ್ನೇ ಐಸಿಯು ಅನ್ನುತ್ತಿದ್ದರು. ನನಗೆ ಅದು ಒಪ್ಪಿಗೆಯಿಲ್ಲ. ಕೊಳೆತ ಒದ್ದೆ ಗಾಳಿಯಲ್ಲಿ ಬೂಸ್ಟು ಬೆಳೆಯುತ್ತದೆ, ಬಿಸಿಗೆ ಇದ್ದ ನೀರೂ ಆರುತ್ತದೆ. ಬಾಯಿಯಿಂದ ಕುಡಿಸುವುದು ಮೇಲು. ಬಾಟಲಿಯ ಮುಚ್ಚಳದಂಥ ತಟ್ಟೆಯಲ್ಲಿ ನೀರು ತುಂಬಿ, ಜೇಡದ ಮುಂಭಾಗ ಅದರ ಅಂಚಿನ ಮೇಲೆ ಬರುವಂತೆ ಮೆಲ್ಲಗೆ ಇಡಿ. ಬಾಯಿ ಕೋರೆಹಲ್ಲುಗಳ ಹಿಂದೆ, ಕೆಳಗಿದೆ. ಅದು ನೀರಿಗೆ ತಾಗಬೇಕು, ಹೊಟ್ಟೆ ಹೊರಗೆ ಒಣಗಿರಬೇಕು. ತುಂಬ ಬಳಲಿದ್ದರೆ ಸಿರಿಂಜ್‌ನಿಂದ ಬಾಯಿಯ ಹತ್ತಿರ ಒಂದೊಂದೇ ಹನಿ. ಕೆಲವು ಗಂಟೆಗಳಲ್ಲಿ ಕಾಲು ಸಡಿಲಾದರೆ ಅದೊಂದು ಒಳ್ಳೆಯ ಸೂಚನೆ.

ನಿಮಿಷದ ಲೆಕ್ಕದಲ್ಲಿ ಕೆಲಸ ಮಾಡಬೇಕಾದದ್ದು ಗಾಯಕ್ಕೆ. ಟಾರಂಟುಲಾದ ರಕ್ತ ಕೆಂಪಲ್ಲ. ಅದರಲ್ಲಿ ಆಮ್ಲಜನಕ ಹೊರುವುದು ತಾಮ್ರ ಇರುವ ಹೀಮೊಸಯನಿನ್, ಆದ್ದರಿಂದ ಅದು ಬಣ್ಣವಿಲ್ಲದ ಅಥವಾ ತಿಳಿನೀಲಿಯ ನೀರಿನಂತೆ ಕಾಣುತ್ತದೆ. ಹಾಗಾಗಿ ರಕ್ತ ಸೋರುತ್ತಿರುವುದನ್ನು ಮನೆಯವರು ನೀರಿನ ಹನಿ ಎಂದುಕೊಂಡು ಒರೆಸಿ ಬಿಡುತ್ತಾರೆ. ಇದರ ಮೈಯಲ್ಲಿ ರಕ್ತದ್ರವ ತೂಕದ ಐದನೇ ಒಂದು ಭಾಗದ ಆಸುಪಾಸು. 20 ಗ್ರಾಂ ಜೇಡದಲ್ಲಿ ನಾಲ್ಕು ಮಿಲಿ ಮೀರದು. ಕೆಲವು ಹನಿ ಹೋದರೂ ದೊಡ್ಡ ನಷ್ಟ.

ಗಾಯ ಕಂಡ ಕೂಡಲೇ ಅಡುಗೆಮನೆಯ ಕಾರ್ನ್‌ಫ್ಲೋರ್ ಅನ್ನು ಅದರ ಮೇಲೆ ಉದುರಿಸಿ, ಹತ್ತಿ ಕಡ್ಡಿಯಿಂದ ಹಗುರವಾಗಿ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿ ಪುಡಿ, ಡೆಟಾಲ್, ಸ್ಪಿರಿಟ್ ಬೇಡ. ಸೋರುವುದು ನಿಲ್ಲದಿದ್ದರೆ ಫೆವಿಕ್ವಿಕ್‌ನಂಥ ಅಂಟನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು ಗಾಯದ ಮೇಲಷ್ಟೆ ತಾಗಿಸಬೇಕು. ಕೀಲಿಗೆ, ಬಾಯಿಗೆ, ಉಸಿರಾಟದ ತೇಪೆಗೆ, ನೂಲು ಬರುವ ಹಿಂತುದಿಗೆ ತಾಗಕೂಡದು. ಪೊರೆ ಬಿಟ್ಟಾಗ ಆ ಅಂಟು ಹಳೆಯ ಚರ್ಮದ ಜೊತೆಯೇ ಹೋಗುತ್ತದೆ. ಕಾಲಿನ ನಡುವೆ ಸೋರುತ್ತಿದ್ದು ಯಾವುದಕ್ಕೂ ನಿಲ್ಲದಿದ್ದರೆ, ಆ ಕಾಲನ್ನು ಬುಡದ ಕೀಲಿನಲ್ಲಿ ಕಳಚಿಸುವ ವಿಧಾನವೊಂದಿದೆ. ಅಲ್ಲಿ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಅದನ್ನು ಮಾಡಿ ಗೊತ್ತಿರುವವರೇ ಮಾಡಬೇಕು. ಸಾಧ್ಯವಿದ್ದಲ್ಲಿ ಐಸೊಫ್ಲೂರೇನ್ ಅರಿವಳಿಕೆ ಕೊಟ್ಟು ಮಾಡುವುದು ಒಳ್ಳೆಯದು.

ಹೊಟ್ಟೆ ಒಡೆದರೆ ಉಳಿಯುವುದು ಕಷ್ಟ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಚರ್ಮ ತೆಳ್ಳಗೆ. ಮೊಣಕಾಲೆತ್ತರದಿಂದ ಬಿದ್ದರೂ ಸೀಳಬಹುದು. ಕೈಮೇಲೆ ಹತ್ತಿಸಿಕೊಂಡು ವಿಡಿಯೊ ಮಾಡುವ ಚಟವನ್ನು ನಾನು ಬಲವಾಗಿ ವಿರೋಧಿಸುವುದು ಇದಕ್ಕೇ. ನಾಯಿಯಂತೆ ಮುಟ್ಟಿಸಿಕೊಳ್ಳುವ ಆಸೆ ಈ ಪ್ರಾಣಿಗಿಲ್ಲ. ನೆಲದ ಮೇಲೆ ವಾಸಿಸುವ ಜಾತಿಯಾದರೆ ಡಬ್ಬಿಯಲ್ಲಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿಯನ್ನು ಎತ್ತರಕ್ಕೆ ತುಂಬಿ. ಅದರ ಮೇಲ್ಮೈಯಿಂದ ಮುಚ್ಚಳಕ್ಕೆ ಇರುವ ಅಂತರ, ಜೇಡ ಕಾಲು ಚಾಚಿದಾಗಿನ ಅಗಲದ ಒಂದೂವರೆ ಪಟ್ಟು ಮೀರದಿರಲಿ. ನಮ್ಮಲ್ಲಿ ಸಸಿ ನರ್ಸರಿಗಳಲ್ಲಿ ಕೊಕೊಪೀಟ್ ಬೇಕಾದಷ್ಟು ಸಿಗುತ್ತದೆ. ಗೊಬ್ಬರ, ಔಷಧಿ ಬೆರೆಸದ್ದನ್ನು ಕೇಳಿ ತನ್ನಿ.

ಔಷಧಿ ಎಂದಾಗ ನನಗೆ ಅತ್ಯಂತ ಹೆಚ್ಚು ಕಳವಳ ತರುವ ವಿಷಯಕ್ಕೆ ಬಂದೆ. ಜೇಡ ಇದ್ದಕ್ಕಿದ್ದಂತೆ ನಡುಗುತ್ತದೆ, ಕಾಲುಗಳು ಒಂದಕ್ಕೊಂದು ತಾಳವಿಲ್ಲದೆ ಸೆಟೆಯುತ್ತವೆ, ನಡೆಯಲು ಹೋಗಿ ವಾಲುತ್ತದೆ. ಸಾಕುವವರು ಇದನ್ನು ಡಿಕೆಎಸ್ (ಡಿಸ್ಕೈನೆಟಿಕ್ ಸಿಂಡ್ರೋಮ್, ಅಂದರೆ ಚಲನೆ ಹದತಪ್ಪುವುದು) ಅನ್ನುತ್ತಾರೆ. ಅದು ಲಕ್ಷಣದ ಹೆಸರಷ್ಟೆ. ಕಾರಣಗಳು ಬೇರೆ ಬೇರೆ ಇರಬಹುದಾದರೂ ನಾನು ಮೊದಲು ಹುಡುಕುವುದು ಕೀಟನಾಶಕವನ್ನು. ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕುವ ಲಿಕ್ವಿಡ್, ಜಿರಳೆ ಚಾಕ್, ಡೆಂಗಿ ಬಂದಾಗ ಬೀದಿಯಲ್ಲಿ ಬಿಡುವ ಹೊಗೆ, ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷಗಳು. ಅವು ಕೀಟದ ನರಗಳನ್ನು ಕೆರಳಿಸಿಯೇ ಕೊಲ್ಲುತ್ತವೆ, ಜೇಡದ ನರಕ್ಕೂ ಅದೇ ಗತಿ. ನಾಯಿಯ ಕತ್ತಿಗೆ ಹಾಕುವ ಹಲವು ಉಣ್ಣೆ ಔಷಧಿಗಳಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಇರುತ್ತದೆ. ನಾಯಿಯನ್ನು ಸವರಿದ ಕೈಯಲ್ಲೇ ಜೇಡದ ಬಟ್ಟಲು ತೊಳೆದರೂ ಸಾಕು, ವಿಷ ತಗುಲಬಹುದು.

ನಮ್ಮ ಕಡೆ ಇನ್ನೊಂದು ದಾರಿಯಿದೆ. ಊಟಕ್ಕೆಂದು ಟೊಮೆಟೊ ತೋಟದ ಬದುವಿನಲ್ಲೋ ದ್ರಾಕ್ಷಿ ಚಪ್ಪರದ ಕೆಳಗೋ ಮಿಡತೆ ಹಿಡಿದು ತರುತ್ತಾರೆ. ಸ್ಪ್ರೇ ಬಿದ್ದು ಅರೆಜೀವವಾದ ಮಿಡತೆಯೇ ಸುಲಭವಾಗಿ ಕೈಗೆ ಸಿಗುವುದು. ಮನೆಯ ಜಿರಳೆಯೂ ಹಾಗೆಯೇ. ರೇಷ್ಮೆ ಮನೆಯವರು ಪಕ್ಕದ ಹೊಲದ ಔಷಧಿ ಗಾಳಿಗೆ ತೂರಿ ಸೊಪ್ಪಿನ ಮೇಲೆ ಬಿದ್ದರೆ ಬೆಳೆಯೇ ಹೋಯಿತೆಂದು ಎಷ್ಟು ಹೆದರುತ್ತಾರೋ ಅಷ್ಟೇ ಹೆದರಿಕೆ ಇಲ್ಲಿಯೂ ಬೇಕು. ಊಟದ ಹುಳುಗಳನ್ನು ಮನೆಯಲ್ಲೇ ಸಾಕಿಕೊಳ್ಳಿ. ವಿಷ ತಗುಲಿದ ಅನುಮಾನವಿದ್ದರೆ ತೊಳೆದ ಹೊಸ ಡಬ್ಬಿ, ಹೊಸ ಕೊಕೊಪೀಟ್, ಗಾಳಿಯಾಡುವ ಬೇರೆ ಕೋಣೆ, ಬಾಯಿಗೆ ನೀರು, ಕತ್ತಲೆ. ಇದಕ್ಕೆ ಪ್ರತಿವಿಷ ಇಲ್ಲ. ಸ್ವಲ್ಪವೇ ತಗುಲಿದ್ದರೆ ದಿನಗಳಲ್ಲೋ ವಾರಗಳಲ್ಲೋ ಚೇತರಿಸಿಕೊಂಡವು ಇವೆ.

ಬಾಯಿಯ ಸುತ್ತ ಬಿಳಿ ಅಂಟು ದ್ರವ, ಕೆಟ್ಟ ವಾಸನೆ, ಊಟ ಪೂರ್ತಿ ಬಿಟ್ಟು ತುದಿಗಾಲಲ್ಲಿ ಕುಗ್ಗಿ ನಿಲ್ಲುವುದು ಕಂಡರೆ ಬಾಯಿಗೆ ಸೇರಿದ ದುಂಡುಹುಳುಗಳ ಸೋಂಕಿರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಸಂಶೋಧಕರು 2022ರಲ್ಲಿ ಇಂಥ ಒಂದು ಹುಳುವಿಗೆ ತರಾಂಟೊಬೆಲಸ್ ಜೆಫ್‌ಡ್ಯಾನಿಯಲ್ಸೈ ಎಂದು ಹೆಸರಿಟ್ಟು ವಿವರಿಸಿದ್ದಾರೆ. ಕೋರೆಹಲ್ಲು ಅಲುಗಿಸಲಾಗದೆ ಜೇಡ ಹಸಿವಿನಿಂದ ಸಾಯುತ್ತದೆ. ನಂಬಬಹುದಾದ ಮದ್ದು ಇಲ್ಲ. ಆ ಜೇಡವನ್ನು ಬೇರೆ ಕೋಣೆಯಲ್ಲಿಡಿ, ಗ್ಲೌಸ್ ಹಾಕಿಕೊಳ್ಳಿ, ಅದರ ಇಕ್ಕಳ, ಬಟ್ಟಲು ಬೇರೆಯದಕ್ಕೆ ಬಳಸಬೇಡಿ. ಖಾತ್ರಿಯಾದರೆ ಅರಿವಳಿಕೆ ಕೊಟ್ಟು ನೋವಿಲ್ಲದೆ ಮುಗಿಸುವುದೇ ಕರುಣೆ. ಎಚ್ಚರವಿರುವ ಜೇಡವನ್ನು ಫ್ರೀಜರ್‌ಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಡಬ್ಬಿಯಲ್ಲಿ ಓಡಾಡುವ ಬಿಳಿ ಚುಕ್ಕೆಯಂಥ ನುಸಿಗಳು ಹೆಚ್ಚಾಗಿ ತಿಂದುಳಿದ ಎಂಜಲಿಗೆ ಬಂದವು. ಎಂಜಲು ಮರುದಿನವೇ ತೆಗೆದು, ಮಣ್ಣು ಒಣಗಿಸಿದರೆ ಹೋಗುತ್ತವೆ. ನುಸಿ ಔಷಧಿ ಹಾಕಿದರೆ ಜೇಡವೇ ಹೋಗುತ್ತದೆ. ಮತ್ತೆ, ಮೀಸೆಗೈಗಳ (ಬಾಯಿಯ ಅಕ್ಕಪಕ್ಕದ ಕಾಲಿನಂಥ ಪುಟ್ಟ ಅಂಗಗಳ) ತುದಿ ಗುಂಡಗಾಗಿ, ಊಟ ಬಿಟ್ಟು ಸದಾ ಅಲೆಯುವ ತೆಳ್ಳಗಿನ ಜೇಡಕ್ಕೆ ಕಾಯಿಲೆಯಿಲ್ಲ. ಅದು ವಯಸ್ಸಿಗೆ ಬಂದ ಗಂಡು. ಕೆಲವು ಜಾತಿಯ ಹೆಣ್ಣು 20 ವರ್ಷ ದಾಟಿದರೂ ಗಂಡಿಗೆ ಕೊನೆಯ ಪೊರೆಯ ನಂತರ ಉಳಿಯುವುದು ತಿಂಗಳುಗಳು, ಹೆಚ್ಚೆಂದರೆ ಒಂದೆರಡು ವರ್ಷ.

ನಿಮ್ಮ ಕಣ್ಣಿನ ಬಗ್ಗೆಯೂ ಒಂದು ಮಾತು. ಅಮೆರಿಕ ಖಂಡಗಳ ಅನೇಕ ಜಾತಿಗಳು ಹೊಟ್ಟೆಯ ಮೇಲಿನ ಸೂಕ್ಷ್ಮ ಮುಳ್ಳುಕೂದಲನ್ನು ಹಿಂಗಾಲಿನಿಂದ ಉದುರಿಸಿ ಎಸೆಯುತ್ತವೆ. ಶುಶ್ರೂಷೆ ಮಾಡುವಾಗ ಮುಖ ಹತ್ತಿರ ತರಬೇಡಿ, ಕನ್ನಡಕ ಹಾಕಿ. ಕಣ್ಣಿಗೆ ಬಿದ್ದರೆ ಉಜ್ಜದೆ, ನೀರಲ್ಲಿ ತೊಳೆದು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಮ್ಮ ದೇಶದ ಜೇಡಗಳಲ್ಲಿ ಆ ಕೂದಲಿಲ್ಲ, ಆದರೆ ಮರವಾಸಿ ಪೊಯಿಸಿಲೊಥೇರಿಯಾ ಕಚ್ಚಿದರೆ ತೀವ್ರ ಸ್ನಾಯುಸೆಳೆತ ಬರುತ್ತದೆ. ಈ ಕುಲ 2019ರಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಸೈಟಿಸ್ ಪಟ್ಟಿಯ ಪ್ರಾಣಿ ಸಾಕುವವರು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಂತೆ ನೋಂದಣಿ ಮಾಡಿಸಬೇಕು. ಹುಣಸೆ ಮರದ ಪೊಟರೆಯಲ್ಲಿ ದೊಡ್ಡ ಜೇಡ ಕಂಡರೆ ಅಲ್ಲಿಯೇ ಇರಲಿ, ಗಾಯವಾದದ್ದನ್ನು ಸಾಕುವ ನೆಪದಲ್ಲೂ ಮನೆಗೆ ತರಬೇಡಿ.

ಡಾಕ್ಟರ ಹತ್ತಿರ ತರುವಾಗ ಕಾಲು ಚಾಚುವಷ್ಟೇ ಅಗಲದ ಚಿಕ್ಕ ಡಬ್ಬಿ ಸಾಕು. ಗಾಳಿಗೆ ತೂತು, ಒಳಗೆ ಮೆತ್ತಗೆ ಮಡಿಸಿದ ಟಿಶ್ಯೂ ಇರಲಿ, ನೀರಿನ ಬಟ್ಟಲು ಬೇಡ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಿ, ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ. ಜಾತಿಯ ಹೆಸರು, ಕೊನೆಯ ಊಟ ಮತ್ತು ಪೊರೆಯ ದಿನ, ಮನೆಯಲ್ಲಿ ಈಚೆಗೆ ಹೊಡೆಸಿದ ಔಷಧಿ, ಇವನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಕಳಚಿದ ಪೊರೆಯನ್ನು ಎಸೆಯದೆ ಇನ್ನೊಂದು ಡಬ್ಬಿಯಲ್ಲಿ ತನ್ನಿ. ರಸ ಹೀರುವ ಜಠರದ ಒಳಪದರವೂ ಪೊರೆಯ ಜೊತೆ ಹೊರಬರಬೇಕು. ಅದು ಒಳಗೇ ಉಳಿದಿದ್ದರೆ ಜೇಡ ಆಮೇಲೆ ತಿನ್ನಲಾರದು. ಪೊರೆಯನ್ನು ನೀರಲ್ಲಿ ನೆನೆಸಿ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿದರೆ ಅದು ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗಂಡೋ ಹೆಣ್ಣೋ ಎಂಬುದೂ ಅದರಲ್ಲೇ ಕಾಣುತ್ತದೆ.