ಕುದಿಸಬಾರದ ಕಷಾಯ

ಮಲೆನಾಡಿನ ಮನೆಗಳಲ್ಲಿ ಕಷಾಯವೆಂದರೆ ಒಲೆಯ ಮೇಲೆ ಕುದಿದು, ಬತ್ತಿ ಇಳಿಯಬೇಕಾದದ್ದು. ಹಾಗಾಗಿ ಹಿತ್ತಿಲಿನ ಅಲಸಂದೆಗೆ ಹೇನು ಮುತ್ತಿದಾಗಲೂ ಬೇವು, ಬೆಳ್ಳುಳ್ಳಿ, ಲಕ್ಕಿಸೊಪ್ಪುಗಳನ್ನು ಒಂದೇ ಪಾತ್ರೆಗೆ ಹಾಕಿ ಕುದಿಸುವವರೇ ಹೆಚ್ಚು. ಗಿಡಕ್ಕೆ ಹೊಡೆಯುವ ಕಷಾಯದಲ್ಲಿ ಮಾತ್ರ ಬೆಂಕಿ ಅನೇಕ ವೇಳೆ ಔಷಧಿಯ ಗುಣವನ್ನೇ ಕೆಡಿಸುತ್ತದೆ.

ಬೆಳ್ಳುಳ್ಳಿಯನ್ನೇ ನೋಡೋಣ. ಇಡಿಯಾದ ಎಸಳಿಗೆ ಅಷ್ಟೇನೂ ಘಾಟಿರುವುದಿಲ್ಲ. ಜಜ್ಜಿದಾಗ ಅದರ ಜೀವಕೋಶಗಳು ಒಡೆದು, ಅದುವರೆಗೆ ಬೇರೆ ಬೇರೆಯಾಗಿದ್ದ ಅಲಿನ್ ಎಂಬ ಗಂಧಕಯುಕ್ತ ವಸ್ತುವೂ ಅಲಿನೇಸ್ ಎಂಬ ಕಿಣ್ವವೂ ಕೂಡಿ, ಕೀಟಗಳಿಗೆ ಸಹಿಸಲಾಗದ ಅಲಿಸಿನ್ ಹುಟ್ಟುತ್ತದೆ. ಇಡೀ ಎಸಳನ್ನು ಕುದಿನೀರಿಗೆ ಹಾಕಿದರೆ ಕಿಣ್ವ ಮೊದಲೇ ಕೆಟ್ಟು, ಅಲಿಸಿನ್ ಹುಟ್ಟುವ ಸಂದರ್ಭವೇ ಒದಗುವುದಿಲ್ಲ. ಲಕ್ಕಿಸೊಪ್ಪಿನ ಪರಿಮಳದ ಎಣ್ಣೆಯೂ ತೆರೆದ ಪಾತ್ರೆಯಲ್ಲಿ ಹಬೆಯೊಡನೆ ಹಾರಿಹೋಗುತ್ತದೆ.

ಬೇವಿನ ಕಥೆ ಇನ್ನೂ ಸ್ವಾರಸ್ಯಕರ. 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ದಂಡು ಹಸಿರೆಲ್ಲವನ್ನೂ ಮೇಯ್ದು ಹೋದಾಗ ಬೇವಿನ ಮರಗಳು ಮಾತ್ರ ಉಳಿದುದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಕ್ ಶ್ಮುಟ್ಟರರ್ ಗಮನಿಸಿದರು. 1968ರಲ್ಲಿ ಬೀಜದಿಂದ ಪ್ರತ್ಯೇಕಿಸಲಾದ ಅಜಾಡಿರಾಕ್ಟಿನ್ ಇದಕ್ಕೆ ಮುಖ್ಯ ಕಾರಣ. ಅದು ಹುಳುವಿನ ಹಸಿವನ್ನು ಕೆಡಿಸುವುದಲ್ಲದೆ, ಪೊರೆ ಕಳಚಲು ಬೇಕಾದ ಹಾರ್ಮೋನಿನ ಏರ್ಪಾಡಿಗೂ ಅಡ್ಡಿಯಾಗುತ್ತದೆ. ಪೊರೆ ಕಳಚಲಾಗದ ಮರಿಹುಳು ನಿಧಾನವಾಗಿ ಸಾಯುತ್ತದೆ. ಸಂಜೆ ಹೊಡೆದು ಬೆಳಿಗ್ಗೆ ಸತ್ತ ಹುಳುಗಳನ್ನು ಎಣಿಸಲು ಹೋಗುವವರಿಗೆ ನಿರಾಸೆ ಖಂಡಿತ.

ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಹಾಕಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಅಂದೇ ಬಳಸಬೇಕು. ಬೇವು ಘಟ್ಟದ ಮಳೆಗೆ ಒಗ್ಗುವ ಮರವಲ್ಲವಾದ್ದರಿಂದ ಬೀಜವನ್ನು ಬಯಲುಸೀಮೆಯ ಕಡೆಯಿಂದ ತರಿಸಬೇಕಾದೀತು. ದ್ರಾವಣ ಎಲೆಯ ಮೇಲೆ ಹನಿಗಟ್ಟಿ ಜಾರದಂತೆ ಅಂಟುವಾಳದ ನೊರೆಯನ್ನು ಬೆರೆಸಬಹುದು. ಅದರ ಸಪೋನಿನ್ ನೀರಿನ ಮೇಲ್ಮೈ ಬಿಗಿತವನ್ನು ತಗ್ಗಿಸುತ್ತದೆ. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆಯ ಹೊತ್ತು, ಹುಳುಗಳು ಅಡಗುವ ಎಲೆಯ ಕೆಳಭಾಗಕ್ಕೆ ಹೊಡೆಯುವುದು ಒಳಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಆಷಾಢದಲ್ಲಿ ಈ ಶ್ರಮವೆಲ್ಲ ಒಂದೇ ಮಳೆಗೆ ತೊಳೆದುಹೋಗುತ್ತದೆನ್ನಿ.

ಹೊಗೆಸೊಪ್ಪಿನ ಕಷಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಗಿಡದಿಂದಲೇ ಬಂದದ್ದಾದರೂ ನಿಕೋಟಿನ್ ಚರ್ಮದ ಮೂಲಕ ನಮ್ಮ ಮೈಯನ್ನೂ ಸೇರುವ ಕಡುವಿಷ. ಹೇನನ್ನು ತಿನ್ನುವ ಗುಲಗಂಜಿ ಹುಳುವನ್ನೂ ಜೇನನ್ನೂ ಅದು ಬಿಡದು. ಬದನೆಕಾಯಿಯ ಒಳಹೊಕ್ಕ ಕೊರಕ ಹುಳುವನ್ನು ಮೇಲೆ ಸಿಂಪಡಿಸಿದ ಯಾವ ಕಷಾಯವೂ ಮುಟ್ಟಲಾರದು, ಅಂಥ ಕಾಯನ್ನು ಕಿತ್ತು ನಾಶಮಾಡಬೇಕು. ಅಡಿಕೆಯ ಕೊಳೆರೋಗವಂತೂ ಕೀಟದಿಂದ ಬರುವುದೇ ಅಲ್ಲ. ಅದಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನವೇ ಕೊನೆಗಳಿಗೆ ಹೊಡೆದಿರಬೇಕು.