ಒಂದೇ ಕಡತ, ಎರಡು ಕರ್ತವ್ಯ: ಮಾಹಿತಿ ಹಕ್ಕು ಮತ್ತು ಖಾಸಗಿತನದ ಬಗ್ಗೆ ಅಧ್ಯಯನ ಟಿಪ್ಪಣಿ

ಮಾಹಿತಿ ಹಕ್ಕು ಅಧಿನಿಯಮ 2005ನ್ನು ಬಾಯಿಪಾಠ ಮಾಡಿದವರೂ ಮೊದಲ ಅರ್ಜಿ ಮೇಜಿಗೆ ಬಂದಾಗ ತಡವರಿಸುತ್ತಾರೆ. ಕಲಂಗಳು ಗೊತ್ತಿರುತ್ತವೆ, ಆದರೆ ಅವನ್ನು ಕಡತದ ಹಾಳೆಗಳ ಮೇಲಿಟ್ಟು ಓದಿ ರೂಢಿ ಇರುವುದಿಲ್ಲ. ಹಾಗಾಗಿ ಜೊತೆಗೆ ಓದುತ್ತಿರುವವರಿಗಾಗಿ ಒಂದು ಕಾಲ್ಪನಿಕ ಕಡತ ಕಟ್ಟಿಕೊಂಡಿದ್ದೇನೆ. ನೀವು ಮಾಲಿನ್ಯ ನಿಯಂತ್ರಣ ಮಂಡಳಿಯೊಂದರ ಪ್ರಾದೇಶಿಕ ಕಚೇರಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದುಕೊಳ್ಳಿ. ಕೆರೆಯ ಪಕ್ಕ ಬಟ್ಟೆಗೆ ಬಣ್ಣ ಹಾಕುವ ಘಟಕವಿದೆ. ಗ್ರಾಮಸ್ಥರೊಬ್ಬರು ಮೂರು ಸಂಗತಿ ಕೇಳಿದ್ದಾರೆ: ಘಟಕದ ತಪಾಸಣಾ ವರದಿ, ನೀರಿನ ಮಾದರಿಯ ಪ್ರಯೋಗಾಲಯ ವರದಿ, ಘಟಕದ ವಿರುದ್ಧ ಬಂದ ದೂರುಗಳ ಪ್ರತಿ.

ಅರ್ಜಿ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಸ್ವೀಕೃತಿ ಮುದ್ರೆಯ ದಿನಾಂಕ. ಉತ್ತರ ಕೊಡಲು ಅಲ್ಲಿಂದ 30 ದಿನ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ವಿಷಯ ಬೇರೆ ಪ್ರಾಧಿಕಾರಕ್ಕೆ ಸೇರಿದ್ದರೆ 5 ದಿನದೊಳಗೆ ವರ್ಗಾಯಿಸಬೇಕು. ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳಲು ಕಲಂ 6(3) ಬಿಡುವುದಿಲ್ಲ. ಕಾರಣವಿಲ್ಲದೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ, ಅದೂ ಅಧಿಕಾರಿಯ ಮೇಲೆಯೇ. ಕರ್ನಾಟಕದ ನಿಯಮಗಳಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕೆಂಬ ಷರತ್ತೂ ಇದೆ. ಆ ನಿಯಮವನ್ನು ಅರ್ಜಿದಾರರನ್ನು ಹಿಂದಕ್ಕೆ ಕಳುಹಿಸುವ ಕೋಲಾಗಿ ಬಳಸುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾಕೆ ಬೇಕು ಎಂದು ಅರ್ಜಿದಾರರನ್ನು ಕೇಳುವಂತೆಯೂ ಇಲ್ಲ.

ನಿಯಂತ್ರಣ ಸಂಸ್ಥೆಯಲ್ಲಿ ಈ ಕೆಲಸಕ್ಕೊಂದು ವಿಶೇಷ ತೊಡಕಿದೆ. ಅಲ್ಲಿನ ಕಡತಗಳಲ್ಲಿ ಇರುವುದು ಬಹುಪಾಲು ಬೇರೆಯವರ ಮಾಹಿತಿ. ಕಾರ್ಖಾನೆ, ಬ್ಯಾಂಕು, ಆಸ್ಪತ್ರೆಗಳು ಕಾನೂನಿಗೆ ಕಟ್ಟುಬಿದ್ದು ಕೊಟ್ಟದ್ದು. ಕಲಂ 2(ಎಫ್) ಓದಿ: ಬೇರೆ ಯಾವುದೇ ಕಾನೂನಿನ ಅಡಿಯಲ್ಲಿ ಸಾರ್ವಜನಿಕ ಪ್ರಾಧಿಕಾರ ಪಡೆಯಬಹುದಾದ ಖಾಸಗಿ ಸಂಸ್ಥೆಯ ಮಾಹಿತಿಯೂ ‘ಮಾಹಿತಿ’ಯೇ. ‘ನಂಬಿಕೆಯ ಮೇಲೆ ಕೊಟ್ಟಿದ್ದಾರೆ, ಹೊರಗೆ ಬಿಡಲಾಗದು’ ಎಂಬ ವಾದವನ್ನು ಭಾರತೀಯ ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ತಪಾಸಣಾ ವರದಿಗಳ ವಿಚಾರದಲ್ಲಿ ಮಂಡಿಸಿತ್ತು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಿಯಂತ್ರಕ ಆ ವಿವರ ಪಡೆಯುವುದು ಕಾನೂನಿನ ಬಲದಿಂದ, ಅಲ್ಲಿ ವಿಶ್ವಾಸದ ಸಂಬಂಧವಿಲ್ಲ, ನಿಯಂತ್ರಕನ ಋಣ ಇರುವುದು ಸಾರ್ವಜನಿಕರಿಗೆ ಎಂಬುದು ಅದರ ತಿರುಳು. 2022ರಲ್ಲಿ, ಆ ತೀರ್ಪು ಖಾಸಗಿತನದ ಹಕ್ಕನ್ನು ತೂಗಿ ನೋಡಿರಲಿಲ್ಲ ಎಂಬ ಬ್ಯಾಂಕುಗಳ ವಾದದಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎಂದು ಅದೇ ನ್ಯಾಯಾಲಯದ ಇನ್ನೊಂದು ಪೀಠ ಹೇಳಿತು. ಪರೀಕ್ಷೆಗೆ ಎರಡನ್ನೂ ಒಟ್ಟಿಗೆ ನೆನಪಿಡಿ.

ಈಗ ಕಡತ ಬಿಚ್ಚೋಣ. ಪ್ರಯೋಗಾಲಯ ವರದಿ ಸುಲಭದ್ದು. ಕೆರೆಗೆ ಸೇರಿದ ನೀರಿನಲ್ಲಿ ಏನಿತ್ತು ಎಂಬುದು ಯಾರ ಖಾಸಗಿ ಬದುಕೂ ಅಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯೇ ಸಮ್ಮತಿ ಷರತ್ತುಗಳ ವಹಿಯನ್ನು ಬಾಧಿತರ ಪರಿಶೀಲನೆಗೆ ತೆರೆದಿಡಬೇಕೆಂದು ಕಲಂ 25(6)ರಲ್ಲಿ ಹೇಳಿದೆ. ಮಾಹಿತಿ ಹಕ್ಕು ಬರುವುದಕ್ಕೆ ಮೂರು ದಶಕ ಮೊದಲೇ ಇದ್ದ ಮಾತು ಇದು!

ತಪಾಸಣಾ ವರದಿಯ ನಡುವೆ ಬಣ್ಣ ಮಿಶ್ರಣದ ಪ್ರಮಾಣ ಬರೆದ ಒಂದು ಹಾಳೆ ಇದೆ. ಘಟಕ ಅದನ್ನು ಗೋಪ್ಯವೆಂದು ಗುರುತಿಸಿ ಕೊಟ್ಟಿದೆ. ಅದನ್ನು ಕೊಡುವ ಉದ್ದೇಶವಿದ್ದರೆ ಕಲಂ 11ರಂತೆ 5 ದಿನದೊಳಗೆ ಘಟಕಕ್ಕೆ ನೋಟಿಸ್ ಹೋಗಬೇಕು. ಆಕ್ಷೇಪ ಹೇಳಲು ಅವರಿಗೆ 10 ದಿನ, ಅರ್ಜಿ ಬಂದ 40 ದಿನದೊಳಗೆ ನಿಮ್ಮ ತೀರ್ಮಾನ. ಇಲ್ಲಿ ಎಡವುವವರು ಬಹಳ. ಆಕ್ಷೇಪ ಬಂದದ್ದೇ ತಡ, ‘ಮೂರನೇ ವ್ಯಕ್ತಿ ಒಪ್ಪಿಲ್ಲ, ತಿರಸ್ಕರಿಸಿದೆ’ ಎಂದು ಬರೆದುಬಿಡುತ್ತಾರೆ. ಆಕ್ಷೇಪ ಬರೀ ಅಭಿಪ್ರಾಯ. ಅದನ್ನು ಪರಿಗಣಿಸಿ ತೀರ್ಮಾನಿಸಬೇಕಾದವರು ನೀವು. ಯಾವ ಮಾಹಿತಿ ಕೊಡದಿರಬಹುದು ಎಂಬ ವಿನಾಯಿತಿಗಳ ಪಟ್ಟಿ ಕಲಂ 8ರಲ್ಲಿದೆ. ಮಿಶ್ರಣದ ಸೂತ್ರ ವ್ಯಾಪಾರದ ಗುಟ್ಟಾದರೆ 8(1)(ಡಿ) ಅಡಿ ತಡೆಹಿಡಿಯಬಹುದು. ಹೊರಬಿಟ್ಟ ನೀರಿನ ಅಳತೆಗೆ ಆ ರಕ್ಷಣೆ ಸಲ್ಲದು. ವರದಿಗೆ ಅಂಟಿಸಿದ ಕಾರ್ಮಿಕರ ಪಟ್ಟಿಯಲ್ಲಿರುವ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆಗಳು ಮಾತ್ರ ಯಾವ ಕಾರಣಕ್ಕೂ ಹೊರಗೆ ಹೋಗಕೂಡದು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ದೂರಿನ ಪತ್ರ. ಗೆರೆಯಿಲ್ಲದ ಹಾಳೆಯ ಮೇಲೆ ನೀಲಿ ಶಾಯಿ, ಕೆಳಗೆ ಸಹಿ. ಹೆಸರು, ಸಹಿ ಮುಚ್ಚಿದರೆ ಸಾಕೆಂದು ಮೊದಲು ಅನ್ನಿಸುತ್ತದೆ. ಮೂರನೇ ಸಾಲು ಓದಿ: ‘ನಮ್ಮ ತೋಟದ ಬಾವಿಯ ನೀರು ಕೆಂಪಾಗಿದೆ.’ ಕೆರೆಯ ಅಂಚಿನಲ್ಲಿ ಬಾವಿ ಇರುವ ತೋಟ ಎಷ್ಟಿರುತ್ತದೆ? ಕೈಬರಹವೇ ಊರಿನವರಿಗೆ ಗುರುತು ಸಿಗುತ್ತದೆ. ಗೋಪ್ಯವಾಗಿ ಮಾಹಿತಿ ಕೊಟ್ಟವರ ಗುರುತನ್ನೂ ಜೀವದ ಸುರಕ್ಷತೆಯನ್ನೂ ಕಾಯಲು 8(1)(ಜಿ) ಇದೆ. ನಾನಾದರೆ ಆ ಪತ್ರವನ್ನು ಪೂರ್ತಿ ತಡೆಹಿಡಿದು, ದೂರು ಬಂದ ದಿನಾಂಕ ಮತ್ತು ವಿಷಯ ಇರುವ ಆವಕ ವಹಿಯ ಪುಟವನ್ನು ಹೆಸರಿನ ಅಂಕಣ ತೆಗೆದು ಕೊಡುತ್ತೇನೆ. ಅರ್ಜಿದಾರರು ಒಳ್ಳೆಯವರೇ ಇರಬಹುದು. ಆದರೆ ಒಮ್ಮೆ ಕೊಟ್ಟ ಪ್ರತಿ ಅವರ ಕೈಯಲ್ಲೇ ಉಳಿಯುತ್ತದೆ ಎನ್ನುವ ಖಾತರಿ ಯಾರಿಗೂ ಇಲ್ಲ.

ಇನ್ನು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ). 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮುಂದೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023 ಬಂತು. ಅದರ ಕಲಂ 44(3) ಮಾಹಿತಿ ಹಕ್ಕಿನ 8(1)(ಜೆ)ಯನ್ನೇ ಬದಲಿಸಿತು. ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ಹಳೆಯ ಪಠ್ಯದಲ್ಲಿ ‘ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ’, ‘ಅನಗತ್ಯವಾಗಿ ಖಾಸಗಿತನಕ್ಕೆ ಧಕ್ಕೆ ತರುವ’ ಎಂಬ ಅಳತೆಗೋಲುಗಳಿದ್ದವು. ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಬಾರದೆಂಬ ಮಾತೂ ಇತ್ತು. ಈಗ ಉಳಿದಿರುವುದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ. ಇದು ನನಗೆ ನೋವಿನ ವಿಷಯ. ತಪಾಸಣೆಗೆ ಹೋದ ಅಧಿಕಾರಿಯ ಹೆಸರು ಕೂಡ ವೈಯಕ್ತಿಕ ಎಂದು ಯಾರಾದರೂ ಬರೆದರೆ, ತಡೆಯುವ ಪದಗಳು ಆ ಉಪಕಲಂನಲ್ಲಿ ಈಗ ಇಲ್ಲ.

ಉಳಿದಿರುವ ಬಾಗಿಲು 8(2). ರಕ್ಷಿತ ಹಿತಕ್ಕೆ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಪ್ರಾಧಿಕಾರ ಮಾಹಿತಿ ಕೊಡಬಹುದು. ಹಳೆಯ (ಜೆ)ಯಲ್ಲಿ ತೂಗಿ ನೋಡುವ ಅಧಿಕಾರ ಮಾಹಿತಿ ಅಧಿಕಾರಿಗೇ ನೇರವಾಗಿ ಇತ್ತು, 8(2)ರಲ್ಲಿ ಇರುವ ಪದ ‘ಸಾರ್ವಜನಿಕ ಪ್ರಾಧಿಕಾರ’, ಅಂದರೆ ಸಂಸ್ಥೆ. ಆದ್ದರಿಂದ ಅಧಿಕಾರಿಯ ಹೆಸರಿನ ಪ್ರಶ್ನೆ ಬಂದರೆ ಟಿಪ್ಪಣಿ ಹಾಳೆಯಲ್ಲಿ ಎರಡೂ ಬದಿಯ ಕಾರಣ ಬರೆದು ಕಚೇರಿ ಮುಖ್ಯಸ್ಥರ ಮುಂದೆ ಮಂಡಿಸಿ: ಆತ ಅಲ್ಲಿಗೆ ಹೋದದ್ದು ಸರ್ಕಾರಿ ಕೆಲಸಕ್ಕೆ, ವರದಿಗೆ ಹೊಣೆ ಯಾರೆಂದು ಊರಿನವರಿಗೆ ತಿಳಿಯಬೇಕು, ಹೆಸರು ಮತ್ತು ಹುದ್ದೆ ಹೊರಗೆ ಹೋದರೆ ಆಗುವ ಹಾನಿ ಅತ್ಯಲ್ಪ, ಮನೆ ವಿಳಾಸ ಕೊಡುವ ಅಗತ್ಯವಿಲ್ಲ. ಮೇಲ್ಮನವಿಯಲ್ಲಿ ನಿರಾಕರಣೆ ಸರಿಯಿತ್ತೆಂದು ತೋರಿಸುವ ಹೊರೆ ಅಧಿಕಾರಿಯದೇ ಎಂಬುದನ್ನೂ ಮರೆಯಬೇಡಿ.

ಕಲಂ 10ರಂತೆ ಭಾಗಶಃ ಕೊಡುವಾಗ ಹಿಂಬರಹದಲ್ಲಿ ಯಾವ ಭಾಗ ತೆಗೆದಿದೆ, ಯಾಕೆ, ತೀರ್ಮಾನಿಸಿದವರು ಯಾರು, ಪ್ರಥಮ ಮೇಲ್ಮನವಿ ಪ್ರಾಧಿಕಾರ ಯಾರು, ಅವಧಿ 30 ದಿನ ಎಂಬುದೆಲ್ಲ ಇರಬೇಕು. ಮುಚ್ಚುವ ಕೆಲಸವನ್ನೂ ಕೈಯಾರೆ ಕಲಿಯಿರಿ. ಕಪ್ಪು ಮಾರ್ಕರಿನಿಂದ ಗೀಚಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಕ್ಷರ ಕಾಣಿಸುತ್ತದೆ. ಅದರ ಜೆರಾಕ್ಸ್ ತೆಗೆದು ಆ ಪ್ರತಿಯನ್ನು ಕೊಡಿ. ಪಿಡಿಎಫ್ ಕಡತದ ಮೇಲೆ ಕಪ್ಪು ಚೌಕ ಎಳೆದರೆ ಅಡಿಯ ಅಕ್ಷರ ಹಾಗೇ ಉಳಿದು, ನಕಲು ಮಾಡಿ ಅಂಟಿಸಿದಾಗ ಹೊರಬರಬಹುದು. ಮುದ್ರಿಸಿ, ಮತ್ತೆ ಸ್ಕ್ಯಾನ್ ಮಾಡಿ. ರವಾನೆಗೆ ಮೊದಲು, ಕಡತವನ್ನೇ ನೋಡದ ಸಹೋದ್ಯೋಗಿಯೊಬ್ಬರ ಕೈಗೆ ಪ್ರತಿಗಳನ್ನು ಕೊಟ್ಟು, ದೂರು ಕೊಟ್ಟವರು ಯಾರಿರಬಹುದು ಎಂದು ಕೇಳಿ. ಅವರು ಬಾವಿಯ ಕಡೆ ಬೆರಳು ತೋರಿಸಿದರೆ, ಲಕೋಟೆ ಅಂಟಿಸದೆ ಮತ್ತೆ ಮೊದಲ ಹಾಳೆಯಿಂದ ಶುರು ಮಾಡಿ.