ಡ್ರ್ಯಾಗನ್ ಒಪ್ಪಿದವರು ಡೆನೇರಿಸ್‌ಳನ್ನು ಏಕೆ ಒಪ್ಪಲಿಲ್ಲ?

2019ರ ಏಪ್ರಿಲ್ 29, ಸೋಮವಾರ. ಮುಂಬಯಿ, ಠಾಣೆ, ಕಲ್ಯಾಣದಲ್ಲಿ ಲೋಕಸಭೆಗೆ ಮತದಾನ. ಅಂದೇ ಬೆಳಿಗ್ಗೆ 6.30ಕ್ಕೆ, ಅಂದರೆ ನ್ಯೂಯಾರ್ಕಿನಲ್ಲಿ ಭಾನುವಾರ ರಾತ್ರಿ 9ಕ್ಕೆ, ಅಮೆರಿಕದ ಟಿವಿ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್ನಿನ ಮೂರನೇ ಕಂತು ಬಂತು. 82 ನಿಮಿಷ, ಆ ಧಾರಾವಾಹಿಯಲ್ಲೇ ಅತಿ ಉದ್ದದ್ದು. ಅದನ್ನು ಪೂರ್ತಿ ನೋಡಿಯೇ ನನ್ನ ಅಣ್ಣನ ಮಗಳು ಡೊಂಬಿವಲಿಯ ಮತಗಟ್ಟೆಯ ಸಾಲಿಗೆ ಬಂದಳು. “ಚಿಕ್ಕಪ್ಪ, ಆರ್ಯಾ ಎಡಗೈಯಿಂದ ಚಾಕು ಬಿಟ್ಟು ಬಲಗೈಯಲ್ಲಿ ಹಿಡಿದಳಲ್ಲ, ಆ ಪಟ್ಟನ್ನ ಹಿಂದಿನ ಸೀಸನ್ನಿನಲ್ಲೇ ತೋರಿಸಿದ್ರು!” ಎನ್ನುತ್ತ ಮತದಾರರ ಚೀಟಿಯನ್ನೇ ಚಾಕುವಿನಂತೆ ಹಿಡಿದು, ಬೀಳಿಸಿ, ಇನ್ನೊಂದು ಕೈಯಲ್ಲಿ ಗಬಕ್ಕನೆ ಹಿಡಿದಳು. ಹಿಂದೆ ನಿಂತಿದ್ದ ಅಪರಿಚಿತ ಹುಡುಗನಿಗೆ ತಡೆಯಲಾಗಲಿಲ್ಲ. ಹೆಣಗಳ ಸೈನ್ಯದ ಒಡೆಯನನ್ನು ಆರ್ಯಾ ಅಲ್ಲ, ಕಥಾನಾಯಕ ಜಾನ್ ಕೊಲ್ಲಬೇಕಿತ್ತು ಎಂದು ಮರಾಠಿಯಲ್ಲಿ ವಾದಕ್ಕಿಳಿದ. ನಮ್ಮ ಸರದಿ ಬರುವವರೆಗೂ ಅದೇ ಮಾತು.

ಎರಡು ವಾರ ಕಳೆಯಿತು. ಗುಲಾಮರನ್ನು ಬಿಡಿಸಿದ ರಾಣಿ ಡೆನೇರಿಸ್, ಶರಣಾದ ನಗರವನ್ನು ಡ್ರ್ಯಾಗನ್ ಮೇಲೆ ಕೂತು ಸುಟ್ಟಳು. ಅಣ್ಣನ ಮಗಳ ಸಿಟ್ಟು ಇಳಿಯಲು ದಿನಗಳೇ ಹಿಡಿದವು. ಇವಳೊಬ್ಬಳೇ ಅಲ್ಲ, ಇಡೀ ಸೀಸನ್ನನ್ನು ಹೊಸದಾಗಿ ತೆಗೆಯಿರಿ ಎಂಬ ಆನ್‌ಲೈನ್ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. (ಅದೇ ಸೀಸನ್ನಿಗೆ ಅತ್ಯುತ್ತಮ ಡ್ರಾಮಾ ಸೇರಿ 12 ಎಮ್ಮಿ ಪ್ರಶಸ್ತಿ ಬಂದದ್ದು ಬೇರೆ ಮಾತು.)

ನನ್ನನ್ನು ಕಾಡುವುದು ಇಷ್ಟು: ಬೆಂಕಿಯುಗುಳುವ ಡ್ರ್ಯಾಗನ್ನನ್ನೂ ಎದ್ದು ನಡೆಯುವ ಹೆಣಗಳನ್ನೂ ತಕರಾರಿಲ್ಲದೆ ಒಪ್ಪಿದ ಜನ, ಒಬ್ಬ ಹೆಣ್ಣುಮಗಳ ಮನಸ್ಸು ತಿರುಗಿದ್ದನ್ನು ಏಕೆ ಒಪ್ಪಲಿಲ್ಲ?

ಸಮಾಜವಿಜ್ಞಾನಿಗಳಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಗುರುತಿಸಿದ್ದರು: ಟಿವಿಯಲ್ಲಿ ಮತ್ತೆ ಮತ್ತೆ ಕಾಣುವ ವ್ಯಕ್ತಿಯ ಜತೆ ನೋಡುಗರಿಗೆ ಗೆಳೆತನದಂಥದೇ ನಂಟು ಬೆಳೆಯುತ್ತದೆ, ಆದರೆ ಅದು ಒಂದೇ ಕಡೆಯಿಂದ. ಈ ನಂಟನ್ನು ಮಿದುಳಿನಲ್ಲೇ ಹುಡುಕಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತಿಮೊತಿ ಬ್ರೂಮ್ ಮತ್ತು ಸಂಗಡಿಗರು ‘ಗೇಮ್ ಆಫ್ ಥ್ರೋನ್ಸ್’ನ 19 ಅಭಿಮಾನಿಗಳನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿದರು. ಪರದೆಯ ಮೇಲೆ ಒಂದು ಹೆಸರು, ಒಂದು ಗುಣ ಬರುತ್ತದೆ. ಆ ಗುಣ ಆ ವ್ಯಕ್ತಿಗೆ ಹೊಂದುತ್ತದೆಯೇ ಎಂದು ಉತ್ತರಿಸಬೇಕು. ಹೆಸರು ಕೆಲವೊಮ್ಮೆ ತನ್ನದೇ, ಕೆಲವೊಮ್ಮೆ ಗೆಳೆಯರದು, ಕೆಲವೊಮ್ಮೆ ಧಾರಾವಾಹಿಯ ಪಾತ್ರದ್ದು. ಹಣೆಯ ಹಿಂದೆ, ಮಿದುಳಿನ ನಡುಗೆರೆಗೆ ಅಂಟಿಕೊಂಡ ಒಂದು ಭಾಗ ನಮ್ಮ ಬಗ್ಗೆ ನಾವು ಯೋಚಿಸುವಾಗ ಹೆಚ್ಚು ಚುರುಕಾಗುತ್ತದೆ. ಕಥೆಯಲ್ಲಿ ಆಳವಾಗಿ ಮುಳುಗುವ ಸ್ವಭಾವದವರಲ್ಲಿ, ತಮಗೆ ಆಪ್ತವಾದ ಪಾತ್ರವನ್ನು ನೆನೆದಾಗಲೂ ಈ ಭಾಗ ಹೆಚ್ಚುಕಡಿಮೆ ‘ನಾನು’ ಎಂದಾಗಿನ ಹಾಗೆಯೇ ಸ್ಪಂದಿಸಿತು. 19 ಜನ ಎಂದರೆ ಸಣ್ಣ ಸಂಖ್ಯೆ, ನಿಜ. ಆದರೂ ಆ ಸಿಟ್ಟಿನ ಬೇರು ಎಲ್ಲಿದೆ ಎಂಬುದಕ್ಕೆ ಇದು ಒಳ್ಳೆಯ ಸುಳಿವು ಎಂದೇ ನನ್ನ ನಂಬಿಕೆ.

ಡ್ರ್ಯಾಗನ್ ಆ ಲೋಕದ ನಿಯಮ. ಅದನ್ನು ಒಪ್ಪಲು ಒಂದು ದೃಶ್ಯ ಸಾಕು. ಮನುಷ್ಯರ ವಿಷಯ ಹಾಗಲ್ಲ. ಇವರು ಎಂಥವರು, ನಾಳೆ ಏನು ಮಾಡಿಯಾರು ಎಂದು ಅಂದಾಜು ಹಾಕದೆ ನಾಲ್ಕು ಜನರ ನಡುವೆ ಬದುಕಲು ಆಗುವುದಿಲ್ಲ. ಮನೆಯವರಿಗೆ, ಕಚೇರಿಯವರಿಗೆ ಹಾಕುವ ಇದೇ ಅಂದಾಜನ್ನು ಪಾತ್ರಕ್ಕೂ ಹಾಕುತ್ತೇವೆ. ಡೆನೇರಿಸ್‌ಳ ಬಗ್ಗೆ ಅದನ್ನು ಕಟ್ಟಿಕೊಂಡದ್ದು ಎಂಟು ಸೀಸನ್‌ಗಳ ಉದ್ದಕ್ಕೆ.

ಮಾಟುಂಗದ ಸಭಾಂಗಣಗಳಲ್ಲಿ ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತು. ಹನುಮಂತ ಕಡಲು ಹಾರಿದರೆ ಯಾರೂ ಹುಬ್ಬೇರಿಸುವುದಿಲ್ಲ. ಭೀಷ್ಮನ ಅರ್ಥ ಹೇಳುವವರ ಬಾಯಲ್ಲಿ ಒಂದು ಹಗುರ ಮಾತು ಬರಲಿ, “ಅದು ಭೀಷ್ಮ ಆಡುವ ಮಾತಲ್ಲ” ಎಂದು ಹಿರಿಯರು ಅಲ್ಲೇ ಗೊಣಗುತ್ತಾರೆ.

ಹಾಗೆಂದು ಆಘಾತವನ್ನೆಲ್ಲ ಅಭಿಮಾನಿಗಳು ತಿರಸ್ಕರಿಸುವುದಿಲ್ಲ. 2013ರ ಜೂನ್‌ನಲ್ಲಿ ಬಂದ ‘ರೆಡ್ ವೆಡ್ಡಿಂಗ್’ ಕಂತಿನಲ್ಲಿ ಮದುವೆಯ ಊಟಕ್ಕೆ ಕೂತ ಯುವ ದೊರೆ ರಾಬ್, ಅವನ ತಾಯಿ, ಬಸುರಿ ಹೆಂಡತಿ ಎಲ್ಲರೂ ಹತರಾದಾಗ ಜನ ಅತ್ತರು, ಕಿರುಚಿದರು. ಆದರೂ ಅದು ಇಂದಿಗೂ ಮೆಚ್ಚುಗೆಯ ಕಂತು. ಆತಿಥ್ಯ ಕೊಟ್ಟ ವಾಲ್ಡರ್ ಫ್ರೇಯ ಮಗಳನ್ನು ಮದುವೆಯಾಗುತ್ತೇನೆಂದು ಕೊಟ್ಟ ಮಾತನ್ನು ರಾಬ್ ಮುರಿದಿದ್ದ, ಆ ಮುದುಕ ಅವಮಾನ ಮರೆಯುವವನಲ್ಲ. ನೋವಾಯಿತು, ಲೆಕ್ಕ ಮಾತ್ರ ತಪ್ಪಲಿಲ್ಲ.

ಡೆನೇರಿಸ್‌ಳ ಲೆಕ್ಕ ಇನ್ನೂ ತೊಡಕಿನದು. ಮೀರೀನ್ ನಗರದ ಒಡೆಯರನ್ನು ಅವಳು ಸಾಲಾಗಿ ಶಿಲುಬೆಗೇರಿಸಿದ್ದಳು, ಎದುರಾದವರನ್ನು ಸುಟ್ಟಿದ್ದಳು. ಪುರಾವೆ ಕಣ್ಣೆದುರೇ ಇತ್ತು. ಮನೋವಿಜ್ಞಾನಿ ಡಾಲ್ಫ್ ಜಿಲ್‌ಮನ್ ಅವರ ವಿವರಣೆಯ ಪ್ರಕಾರ, ಯಾರ ನಡತೆ ನಮಗೆ ಸರಿ ಎನಿಸುತ್ತದೋ ಅವರ ಪಕ್ಷ ಸೇರಿ ಅವರಿಗೆ ಒಳ್ಳೆಯದಾಗಲಿ ಎಂದು ಬಯಸುತ್ತೇವೆ. ಒಮ್ಮೆ ಪಕ್ಷ ಸೇರಿದ ಮೇಲೆ ಅವರ ತಪ್ಪಿಗೆ ನಾವೇ ವಕೀಲರು. “ಅವರು ಗುಲಾಮರ ಮಕ್ಕಳನ್ನ ಕೊಂದಿದ್ರಲ್ಲ” ಎಂದು ಅಣ್ಣನ ಮಗಳು ಶಿಲುಬೆಗೂ ಸಮರ್ಥನೆ ಕೊಟ್ಟಿದ್ದಳು. ಹೀಗಾಗಿ ತಿರುವು ಬಂದಾಗ ಅದು ಮೋಸದಂತೆ ಕಂಡಿತು. ಬರೆದವರದೂ ತಪ್ಪಿದೆ ಎಂದೇ ನಾನು ಹೇಳುತ್ತೇನೆ. ಇಷ್ಟು ದೊಡ್ಡ ತಿರುವಿಗೆ ಆರೇ ಕಂತುಗಳ ಆ ಸೀಸನ್ ಸಾಲಲಿಲ್ಲ.

ಬ್ರೂಮ್ ಮತ್ತು ಡಿಲನ್ ವ್ಯಾಗ್ನರ್ 2023ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿ ನನ್ನನ್ನು ಹೆಚ್ಚು ತಟ್ಟಿದ ಸಂಗತಿಯಿದೆ. ನಿಜವಾದ ಗೆಳೆಯರನ್ನೂ ಕಥೆಯ ಪಾತ್ರಗಳನ್ನೂ ಮಿದುಳು ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ಇಡುತ್ತದೆ. ಒಂಟಿತನ ಹೆಚ್ಚಿದ್ದವರಲ್ಲಿ ಈ ಗೆರೆ ಮಸುಕಾಗಿತ್ತು. ಯಾವುದು ಯಾವುದಕ್ಕೆ ಕಾರಣ ಎಂಬುದನ್ನು ಈ ಸ್ಕ್ಯಾನ್ ಹೇಳುವುದಿಲ್ಲ. ಊರು ಬಿಟ್ಟು ಬಂದು ಐರೋಲಿಯಲ್ಲೋ ಅಂಧೇರಿಯಲ್ಲೋ ಪೇಯಿಂಗ್ ಗೆಸ್ಟ್ ಆಗಿರುವ ಹುಡುಗನಿಗೆ, ವಾರಕ್ಕೊಮ್ಮೆ ತಪ್ಪದೆ ಬರುವ ಪರಿಚಿತ ಮುಖ ಕೆಲವೊಮ್ಮೆ ಪಾತ್ರದ್ದೊಂದೇ ಆಗಿರುತ್ತದೆ. ಕೊನೆಯ ಕಂತಿನ ಮರುದಿನ ಅವನು ಮಂಕಾಗಿದ್ದರೆ, ಅವನು ಕಳೆದುಕೊಂಡದ್ದು ಬರೀ ಒಂದು ಕಾರ್ಯಕ್ರಮವನ್ನಲ್ಲ.